ಸುರಪುರದ ಡಿಸ್ಕು, ಶಹಾಪುರದ ಬೆರಳು

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ನಡುವೆ ಜೀಪು ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ರಸ್ತೆ ಗುರುತು ಹಿಡಿಯುವುದು ಮಾತ್ರ ನನ್ನೊಬ್ಬನನ್ನೇ. ಹತ್ತಿಗೂಡೂರಿನ ತಿರುವಿನಲ್ಲಿ ನಾನು ಹಾರ್ನ್ ಹೊಡೆದರೆ ಸುರಪುರದ ಹೋಟೆಲಿನವನು ನನ್ನ ಪಾಲಿನ ಮಿರ್ಚಿಯನ್ನು ಎಣ್ಣೆಗೆ ಬಿಡುತ್ತಿದ್ದ. ನಾನು ಹೋಗಿ ಕೂತಾಗ ಅದು ಇನ್ನೂ ಹಸಿ ಇರುತ್ತಿತ್ತು, ಅದೊಂದೇ ತಕರಾರು. ಒಬ್ಬ ಪೊಲೀಸಪ್ಪ ನನ್ನ ಗಾಡಿಯ ನಂಬರು ಬರೆದುಕೊಳ್ಳಲು ನಿಂತು, ಗಾಡಿ ಕಾಣದೆ, ಎದ್ದ ಧೂಳಿಗೇ ದಂಡ ಹಾಕಿದ್ದೂ ಉಂಟು. ಇದರಲ್ಲಿ ನಿಜವೆಷ್ಟು ಎಂದು ಕೇಳಬಾರದು. ನಾನು, ಈ ಮರಿಲಿಂಗಪ್ಪ, ಆಡುವ ಮಾತು ಜೋಳದ ಅಂಬಲಿ ಇದ್ದ ಹಾಗೆ, ನೀರು ಸೇರಿಸಿದರೇ ಕುಡಿಯಲು ಬರುವುದು.

ಕಲ್ಯಾಣಮ್ಮನ ಬೆರಳುಗಳ ವಿಷಯಕ್ಕೆ ಮಾತ್ರ ನಾನು ನೀರು ಸೇರಿಸಬೇಕಾಗಿಲ್ಲ. ಅಲ್ಲಿ ನಿಜವೇ ನನ್ನ ಸುಳ್ಳಿಗಿಂತ ದೊಡ್ಡದಿತ್ತು.

ಶಹಾಪುರದ ಗಂಜಿನ, ಎಂದರೆ ದವಸದ ಪೇಟೆಯ, ಹಿಂದೆ, ಹತ್ತಿ ಅಂಡಿಗೆಗಳ ಗೋದಾಮಿಗೆ ಅಂಟಿಕೊಂಡ ಒಂದು ಉದ್ದನೆಯ ಕೋಣೆಯಲ್ಲಿ ದಸ್ತಗೀರಸಾಬರ ಟೈಪಿಂಗ್ ಶಾಲೆ ಇತ್ತು. ನಾವೆಲ್ಲ ಅವರನ್ನು ಉಸ್ತಾದರು ಎನ್ನುತ್ತಿದ್ದೆವು. ನಾನೂ ಅಲ್ಲಿ ಕಲಿಯಲು ಹೋದವನೇ. ಪರೀಕ್ಷೆಯಲ್ಲಿ ನಪಾಸಾದ ಮೇಲೆ, ನನ್ನ ಬೆರಳುಗಳು ಸ್ಟೇರಿಂಗಿಗೆ ಹುಟ್ಟಿದವು ಎಂದು ಅವರೇ ಕೈಮುಗಿದು ಹೊರಗೆ ಕಳಿಸಿದರು. ಕಲ್ಯಾಣಮ್ಮ ಅಲ್ಲಿಗೆ ಬಂದದ್ದು ಅವಳವ್ವ ಭಾಗಮ್ಮನ ಹಟದಿಂದ. ಕಾಲುವೆ ಬಂದ ಮೇಲೆ ನಮ್ಮ ಸೀಮೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವಲ್ಲ, ಭಾಗಮ್ಮ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಬೆನ್ನು ಬಗ್ಗಿಸಿಕೊಂಡವಳು. ಮಗಳ ಕೈ ಕೆಸರಿಗೆ ಇಳಿಯಬಾರದು ಎಂಬುದೊಂದೇ ಅವಳ ಜಪ.

ಆ ಕೈಗಳೋ! ಕಲ್ಯಾಣಮ್ಮ ಟೈಪ್ ಮಾಡಲು ಕೂತರೆ ಗೋದಾಮಿನ ಗುಬ್ಬಿಗಳು ಮಳೆ ಬಂತೆಂದು ಗೂಡು ಸೇರುತ್ತಿದ್ದವು. ಗಂಜಿನ ಹಮಾಲರು ಹೊರಗೆ ಹಾಸಿದ ಮೆಣಸಿನಕಾಯಿಗೆ ತಾಡಪಾಲು ಮುಚ್ಚಲು ಓಡುತ್ತಿದ್ದರು. ಅವಳು ಕೀಲಿಗಳನ್ನು ನೋಡುತ್ತಿರಲಿಲ್ಲ. ಎದುರಿಗಿನ ಹಾಳೆಯ ಮೇಲೆ ಕಣ್ಣು, ತುಟಿಯ ಮೇಲೆ ಒಂದು ಸಣ್ಣ ನಗು, ಕೈ ತಮ್ಮಷ್ಟಕ್ಕೆ ತಾವೇ. ಉಸ್ತಾದರ ಬೆರಳುಗಳು ವಯಸ್ಸಿಗೆ ಸೆಟೆದುಕೊಂಡು ಅವರು ಕೀಲಿ ಮುಟ್ಟುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವರು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಸದ್ದಿನಿಂದಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಅವಳ ಸರದಿ ಬಂದಾಗ ಮಾತ್ರ ತಲೆ ಸ್ವಲ್ಪ ತೂಗುತ್ತಿತ್ತು, ಕವ್ವಾಲಿ ಕೇಳುವವರ ಹಾಗೆ.

ಟೈಪ್‌ರೈಟರುಗಳಿಗೆ ಕಾಲ ಮುಗಿದಾಗ ಉಸ್ತಾದರು ಹೈದರಾಬಾದಿನಿಂದ ಒಂದು ಹಳೆಯ ಕಂಪ್ಯೂಟರು ತಂದರು. ತರುವಾಗ ಒಂದು ಕರಾರು ಹಾಕಿದ್ದರು. ಟೈಪ್‌ರೈಟರಿನಲ್ಲಿ ಕನ್ನಡದ ಯಾವ ಅಕ್ಷರ ಯಾವ ಕೀಲಿಯಲ್ಲಿ ಇತ್ತೋ ಕಂಪ್ಯೂಟರಿನಲ್ಲೂ ಅದು ಅಲ್ಲೇ ಇರಬೇಕು. ಅಲ್ಲಿನ ಒಬ್ಬ ಜಾಣ ಕೂತು ಹಾಗೆಯೇ ಮಾಡಿಕೊಟ್ಟ. ಆಮೇಲೆ ಆ ಜಾಣ ಎಲ್ಲಿಗೆ ಹೋದನೋ, ಅವನ ಹೆಸರೇನೋ, ಉಸ್ತಾದರಿಗೂ ನೆನಪಿರಲಿಲ್ಲ. ಮಷೀನಿನ ಜೊತೆ ಡಿಸ್ಕುಗಿಸ್ಕು ಏನೂ ಬಂದಿರಲಿಲ್ಲ. ಕೇಳಬೇಕು ಎಂದೂ ಯಾರಿಗೂ ಗೊತ್ತಿರಲಿಲ್ಲ. ಮೆತ್ತನೆಯ ಕೀಲಿ ಸಿಕ್ಕ ಮೇಲೆ ಕಲ್ಯಾಣಮ್ಮನ ಕೈ ಹೇಗೆ ಓಡಿತೆಂದರೆ, ಆ ಮಷೀನೇ ಏದುಸಿರು ಬಿಡುತ್ತಿತ್ತು.

ಅಷ್ಟರಲ್ಲಿ ಯಾದಗಿರಿ ಜಿಲ್ಲೆಯಾಯಿತು. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿಗಳು, ಹೊಸ ಕಚೇರಿಗಳೆಂದರೆ ಟೈಪ್ ಮಾಡುವವರು. ಒಂದು ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಹುದ್ದೆಗೆ ಪರೀಕ್ಷೆ ಎಂದು ಸುದ್ದಿ ಬಂತು. ನಮ್ಮ ಕಡೆ ಟೈಪಿಂಗ್ ಪರೀಕ್ಷೆಗೆ ಅವರವರ ಮಷೀನು ಅವರವರೇ ಹೊತ್ತುಕೊಂಡು ಹೋಗುವುದು ಮೊದಲಿನಿಂದ ಬಂದ ರೂಢಿ. ಟವೆಲ್ಲು ಸುತ್ತಿದ ಟೈಪ್‌ರೈಟರನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತವರನ್ನು ನಾನೇ ಎಷ್ಟೋ ಕಂಡಿದ್ದೇನೆ. ಈ ಪರೀಕ್ಷೆಗೂ ಅದೇ ರೂಢಿ. ಟೈಪ್‌ರೈಟರಾದರೂ ತನ್ನಿ, ಕಂಪ್ಯೂಟರಾದರೂ ತನ್ನಿ ಎಂದಿದ್ದರು. ಉಸ್ತಾದರ ಕೋಣೆಯಲ್ಲಿ ಹಳೆಯ ಕನ್ನಡ ಟೈಪ್‌ರೈಟರು ಒಂದು ಚೆನ್ನಾಗಿಯೇ ಇತ್ತು. ಆದರೆ ಜಿಲ್ಲೆಯ ಜನ ಕಂಪ್ಯೂಟರು ತಂದು ಕೂತ ಕಡೆ ತಮ್ಮ ಹುಡುಗಿ ಕಬ್ಬಿಣದ ಡಬ್ಬಿ ಕುಟ್ಟುವುದು ಉಸ್ತಾದರಿಗೆ ಬೇಕಾಗಿರಲಿಲ್ಲ. ಕಂಪ್ಯೂಟರನ್ನೇ ಒಯ್ಯುವುದೆಂದು ನಿಶ್ಚಯವಾಯಿತು. ಯಾರ ಗಾಡಿಯಲ್ಲಿ ಎಂಬ ಪ್ರಶ್ನೆಯೇ ಏಳಲಿಲ್ಲ.

ಪರೀಕ್ಷೆ ಹತ್ತಿರ ಬಂದ ವಾರವೇ ಕಾಲುವೆಗೆ ನೀರು ಬಿಟ್ಟರು. ದಂಡೆಯ ಮೇಲಿನ ಪಂಪುಗಳೆಲ್ಲ ಒಟ್ಟಿಗೆ ಗುಡುಗಿದರೆ ಶಹಾಪುರದ ಬಲ್ಬುಗಳು ಮದುವೆ ಮನೆಯ ಹುಡುಗಿಯರಂತೆ ಕಣ್ಣು ಪಿಳುಕಿಸುತ್ತವೆ. ಹಾಗೆ ಪಿಳುಕಿಸಿದ ಒಂದು ಮುಂಜಾನೆ ಕಂಪ್ಯೂಟರು ಪರದೆಯೆಲ್ಲ ನೀಲಿ ಮಾಡಿಕೊಂಡು ಕೂತುಬಿಟ್ಟಿತು. ಆರಿಸಿ ಹಚ್ಚಿದರೆ ಮತ್ತೆ ನೀಲಿ. ನಾನು ಅದರ ಬೆನ್ನು ತಟ್ಟಿದೆ, ಗಾಡಿಗೆ ಕೊಡುವ ಹಾಗೆ ಎರಡು ಬೈಗುಳ ಕೊಟ್ಟೆ. ಅದಕ್ಕೆ ಮರ್ಯಾದೆಯೇ ಇರಲಿಲ್ಲ. ಮರುದಿನವೇ ಪರೀಕ್ಷೆ.

ಸುರಪುರದಲ್ಲಿ ನಾಗಣ್ಣನೆಂಬ ಗೊಬ್ಬರದ ಅಂಗಡಿಯವನಿದ್ದ. ಬಿಲ್ಲು ಬರೆಯಲೆಂದು ಕಂಪ್ಯೂಟರು ಇಟ್ಟಿದ್ದ. ಅವನ ಮಷೀನು ಹೀಗೆಯೇ ಕೆಟ್ಟಾಗ, ಅದರ ಜೊತೆ ಬಂದ ಡಿಸ್ಕು ಹಾಕಿ ಹೊಸದರಂತೆ ಎಬ್ಬಿಸಿದ್ದನೆಂದು ನನಗೆ ಗೊತ್ತಿತ್ತು. ಆ ಡಿಸ್ಕು ತಂದರೆ ಆಯಿತಲ್ಲ ಎಂದೆ. ಬೇರೆ ಮಷೀನಿನ ಡಿಸ್ಕು ನಮ್ಮದಕ್ಕೆ ಕೂಡುತ್ತದೆಯೇ ಎಂದು ಉಸ್ತಾದರು ಅನುಮಾನಿಸಿದರು. ಅನುಮಾನ ಬಿಡಿಸಿದವಳು ಭಾಗಮ್ಮ.

“ಹೆಪ್ಪು ಯಾರ ಮನಿದಾದ್ರೇನ್ರಿ ಉಸ್ತಾದರ? ಹಾಲು ನಮ್ದು ಇದ್ರ ಮೊಸರೂ ನಮ್ದೇ ಆಗ್ತದ.”

ನಾನು ಜೀಪು ಎಬ್ಬಿಸಿದೆ. ಉಸ್ತಾದರು ಬಸಿಗೆ ಸುರುವಿಕೊಂಡ ಚಹಾ ಆರುವುದರೊಳಗೆ ಸುರಪುರ ಮುಟ್ಟಿದ್ದೆ ಎಂದರೆ ನಂಬುವವರು ನಂಬಲಿ. ನಾಗಣ್ಣ ಡಿಸ್ಕು ಕೊಡಲು ಒಪ್ಪಿದ, ಆದರೆ ಅದು ತನ್ನ ಕೈ ಬಿಟ್ಟು ಹೋಗುವಂತಿಲ್ಲ ಎಂದ. ಕೊಟ್ಟ ಸಾಮಾನು ಶಹಾಪುರದಿಂದ ವಾಪಸು ಬಂದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿಲ್ಲವಂತೆ. ಅಂಗಡಿಗೆ ಬೀಗ ಹಾಕಿ, ಎರಡು ಡಿಸ್ಕುಗಳನ್ನು ಹೊಸ ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ, ಮನೆದೇವರನ್ನು ಹೊಳೆಗೆ ಒಯ್ಯುವವನ ಹಾಗೆ ಎದೆಗೆ ಅವುಚಿಕೊಂಡು ತಾನೇ ಗಾಡಿ ಹತ್ತಿದ. ಒಂದು ಮಷೀನು ಎಬ್ಬಿಸುವ ಡಿಸ್ಕು, ಇನ್ನೊಂದು ಅದಕ್ಕೆ ಕನ್ನಡ ಕಲಿಸುವ ಡಿಸ್ಕು. ದಾರಿಯುದ್ದಕ್ಕೂ ನಾನು ಕುಣಿ ತಪ್ಪಿಸಿದರೂ ಬೈದ, ತಪ್ಪಿಸದಿದ್ದರೂ ಬೈದ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಶುರುವಾಯಿತು. ಮಷೀನು ಡಿಸ್ಕನ್ನು ನುಂಗಿ ಗುರುಗುರು ಎಂದಿತು. ಆಮೇಲೆ ಒಂದೊಂದೇ ಪ್ರಶ್ನೆ ಕೇಳತೊಡಗಿತು. ನಾಗಣ್ಣ ಎಲ್ಲಕ್ಕೂ ಹೌದು ಎನ್ನುತ್ತ ಹೋದ, ತಾಳಿ ಕಟ್ಟುವ ಮದುಮಗನಂತೆ. ಇದ್ದದ್ದನ್ನೆಲ್ಲ ಅಳಿಸಲೇ ಎಂದು ಕೇಳಿದಾಗ ಮಾತ್ರ ಕೈ ಹಿಂದೆಗೆದು ಉಸ್ತಾದರ ಮುಖ ನೋಡಿದ. ಹಳೆಯ ರೋಗವೆಲ್ಲ ಹೋಗಲಿ ಎಂದು ಉಸ್ತಾದರು ತಲೆ ಆಡಿಸಿದರು. ಅದೂ ಹೌದಾಯಿತು.

ನಾವು ಚಹಾದ ಮೇಲೆ ಚಹಾ ಕುಡಿದು, ನಾಗಣ್ಣನ ಮಾವನ ಆಸ್ತಿಯ ಕಥೆಯೆಲ್ಲ ಕೇಳಿ ಮುಗಿಸುವ ಹೊತ್ತಿಗೆ ಮಷೀನು ಎದ್ದಿತು. ಎದ್ದದ್ದೇನೋ ಎದ್ದಿತು, ಆದರೆ ಅಪರಿಚಿತನಂತೆ. ಪರದೆಯ ಮೇಲೆ ನಾಗಣ್ಣನ ಮಷೀನು ಮಾಡಿದ ಕಂಪನಿಯ ಗುರುತು, ಅದರದ್ದೇ ಬಣ್ಣ, ಅದರದ್ದೇ ಸ್ವಾಗತದ ಸಂಗೀತ. ನಮ್ಮ ಎತ್ತು ಸಂತೆಗೆ ಹೋಗಿ ಇನ್ನೊಬ್ಬರ ಗೆಜ್ಜೆ ಕಟ್ಟಿಸಿಕೊಂಡು ಬಂದ ಹಾಗಿತ್ತು. ಚಂದವಾಗಿಯೇ ಇತ್ತು ಬಿಡಿ, ಮೊದಲಿಗಿಂತ ಚುರುಕಾಗಿಯೂ ಇತ್ತು. ನಾಗಣ್ಣ ಎರಡನೆಯ ಡಿಸ್ಕು ಹಾಕಿ ಕನ್ನಡವನ್ನೂ ಇಳಿಸಿದ. ಪರೀಕ್ಷೆ ಮಾಡಿ ತೋರಿಸಲೆಂದು ಎರಡು ಬೆರಳಿನಲ್ಲಿ ಕುಕ್ಕಿ ಕುಕ್ಕಿ ‘ಸುರಪುರ’ ಎಂದು ಬರೆದ. ಉಸ್ತಾದರು ಶಹಾಪುರ ಬರಿ ಎಂದರು. ಅದನ್ನೂ ಬರೆದ. ದುಂಡನೆಯ ಕನ್ನಡ ಅಕ್ಷರಗಳು ಪರದೆಯ ಮೇಲೆ ಮುತ್ತಿನ ಹಾಗೆ ಕೂತವು. ಉಸ್ತಾದರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿ ಶುಕ್ರಿಯಾ ಎಂದರು. ಅಕ್ಷರ ಬಂದವಲ್ಲ, ಸಾಕು. ಯಾವ ಕೀಲಿ ಒತ್ತಿದರೆ ಯಾವುದು ಬಂತು ಎಂದು ನಾವ್ಯಾರೂ ನೋಡಲಿಲ್ಲ.

ನೋಡಬೇಕಾದವಳು ಅಲ್ಲೇ ಇದ್ದಳು, ಬಾಗಿಲ ಹತ್ತಿರ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು. ಅವಳು ಮುಟ್ಟುವಂತಿರಲಿಲ್ಲ. ಅದು ಉಸ್ತಾದರ ಶಾಲೆಯ ಹಳೆಯ ಕಟ್ಟು. ಪರೀಕ್ಷೆಯ ಹಿಂದಿನ ದಿನ ಪರೀಕ್ಷೆಗೆ ಹೋಗುವವರ ಬೆರಳು ಕೀಲಿ ಮುಟ್ಟಬಾರದು. ಕುಸ್ತಿಯ ಪೈಲ್ವಾನನಿಗೆ ಹಿಂದಿನ ದಿನ ಅಖಾಡ ಬಿಡಿಸುತ್ತಾರಲ್ಲ, ಹಾಗೆ. ಬೆರಳುಗಳಿಗೆ ಎಳ್ಳೆಣ್ಣೆ ಹಚ್ಚಿ ನೀವಬೇಕು. ಆ ದಿನ ರೊಟ್ಟಿ ಬಡಿಯಬಾರದು, ಕೊಡ ಎತ್ತಬಾರದು. ಈ ಕಟ್ಟು ಮೀರಿದವರು ಯಾರೂ ಪಾಸಾಗಿಲ್ಲ ಎಂದು ಉಸ್ತಾದರು ಹೇಳುತ್ತಿದ್ದರು. ಮೀರದ ನಾನೂ ಪಾಸಾಗಿರಲಿಲ್ಲ, ಆ ಮಾತು ಬೇರೆ. ಭಾಗಮ್ಮ ಎಣ್ಣೆಯ ಬಟ್ಟಲು ಹಿಡಿದೇ ಬಂದಿದ್ದಳು. ಉಸ್ತಾದರು ಮಷೀನಿನ ಮೇಲೆ ಹಸಿರು ವಸ್ತ್ರ ಹೊದಿಸಿ, ಊದಿನಕಡ್ಡಿ ಹಚ್ಚಿ, ಫಾತೆಹಾ ಓದಿ, ಎಲ್ಲರ ಅಂಗೈಗೆ ಸಕ್ಕರೆ ಹಾಕಿದರು. ಕಲ್ಯಾಣಮ್ಮನ ಕೈ ಎಣ್ಣೆಯಾಗಿತ್ತೆಂದು ಅವಳ ಬಾಯಿಗೇ ಹಾಕಿದರು.

ಮರುದಿನ ಮುಂಜಾನೆ ಕಂಪ್ಯೂಟರನ್ನು ಭಾಗಮ್ಮನ ಕೌದಿಯಲ್ಲಿ ಸುತ್ತಿ ಜೀಪಿನಲ್ಲಿ ಕೂರಿಸಿದೆವು. ಕಾಲುವೆ ತುಂಬಿ ಹರಿಯುತ್ತಿತ್ತು. ದೋರನಹಳ್ಳಿಯವರೆಗೆ ಎರಡೂ ಕಡೆ ನಾಟಿಯ ಹೆಣ್ಣುಮಕ್ಕಳು ಬಾಗಿಕೊಂಡೇ ಇದ್ದರು. ಕಲ್ಯಾಣಮ್ಮ ಆ ಕಡೆ ನೋಡಲಿಲ್ಲ. ನಾನು ಆಗಲೇ ಅವಳನ್ನು ಜಿಲ್ಲೆಯ ದೊಡ್ಡ ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಅವಳು ಟೈಪು ಮಾಡಿದ ಆದೇಶಕ್ಕೆ ಹೆದರಿ ಭೀಮಾ ನದಿ ದಂಡೆ ದಾಟದೆ ಹರಿಯುವ ತನಕ ಕಥೆ ಕಟ್ಟಿದ್ದೆ. ಉಸ್ತಾದರು ನಕ್ಕರು. ಅವಳೂ ನಕ್ಕಳು.

ಯಾದಗಿರಿಯ ಆ ಕಚೇರಿಯ ಹಜಾರದಲ್ಲಿ ಸಾಲಾಗಿ ಮೇಜುಗಳು. ಪರೀಕ್ಷೆ ನಡೆಸುವ ಅಧಿಕಾರಿ ಮೆತ್ತಗಿನ ಮನುಷ್ಯ. ಶುರು ಮಾಡುವ ಮೊದಲು ಬಾಗಿಲಲ್ಲಿ ನಿಂತ ನಮಗೂ ಕೇಳುವಂತೆ ಹೇಳಿದ: ಮಷೀನು ತೊಂದರೆ ಕೊಟ್ಟರೆ ಹೆದರಬೇಡಿ, ಕೈ ಎತ್ತಿ, ಮಧ್ಯಾಹ್ನದ ಇನ್ನೊಂದು ತಂಡದಲ್ಲಿ ಕೂರಿಸುತ್ತೇವೆ. ಆಮೇಲೆ ನಮ್ಮನ್ನೆಲ್ಲ ಹೊರಗೆ ಹಾಕಿದರು.

ಹೊರಗೆ ಎಂದರೆ ಕಿಟಕಿಯ ಬುಡಕ್ಕೆ. ಉಸ್ತಾದರು ಸರಳು ಹಿಡಿದು ನಿಂತುಬಿಟ್ಟರು. ನಾನು ಚಹಾಕ್ಕೆ ಕರೆದೆ. ಬರಲಿಲ್ಲ. ಗಂಟೆ ಹೊಡೆಯಿತು. ಕಲ್ಯಾಣಮ್ಮನ ಬೆರಳು ಕೀಲಿಗಳ ಮೇಲೆ ಬಿದ್ದವು. ಬಿದ್ದು, ಒಂದು ಸಲ ನಿಂತವು. ಅವಳು ಪರದೆ ನೋಡಿದಳು. ತಲೆ ಎತ್ತಿ ಕಿಟಕಿ ನೋಡಿದಳು. ಉಸ್ತಾದರು ಇಲ್ಲಿಂದಲೇ ದುವಾ ಮಾಡುವವರಂತೆ ಕೈ ಎತ್ತಿದರು. ಅವಳು ಮತ್ತೆ ಹಾಳೆಗೆ ಕಣ್ಣಿಟ್ಟು ಶುರು ಮಾಡಿದಳು. ಶುರು ಮಾಡಿದ್ದು ಹೇಗೆ! ಅಂಥ ಕೈ ನಾನು ಅವಳದ್ದೂ ಅದಕ್ಕೆ ಮೊದಲು ಕಂಡಿರಲಿಲ್ಲ. ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ತಿರುಗಿ ನೋಡಿದರು. ಉಸ್ತಾದರು ಕಿಟಕಿಯ ಪಕ್ಕ ನಿಂತಿದ್ದ ಕಚೇರಿಯ ಜವಾನನ ತೋಳು ಹಿಡಿದು ಎಳೆದು, “ನೋಡಪಾ, ಅಲ್ಲಿ ನೋಡು, ನಮ್ಮ ಶಹಾಪುರದ ಹುಡುಗಿ,” ಎಂದರು. ಆ ಜವಾನ ಇನ್ನಿಬ್ಬರನ್ನು ಕರೆದ. ಕಿಟಕಿಯ ತುಂಬ ನಾವೇ ಆದೆವು.

ಬರುವಾಗ ಹೇಗಾಯಿತೆಂದು ಉಸ್ತಾದರು ಕೇಳಿದರು.

“ಒಮ್ಮೆನೂ ಕೈ ನಿಲ್ಲಿಸಲಿಲ್ರಿ ಉಸ್ತಾದರ,” ಎಂದಳು. ಆ ಮೊದಲ ಗಳಿಗೆಯೊಂದು ಬಿಟ್ಟರೆ ನಿಜವನ್ನೇ ಹೇಳಿದ್ದಳು.

ಕೆಲವು ದಿನಗಳಾದ ಮೇಲೆ ಪಟ್ಟಿ ಹಚ್ಚಿದರು. ಅದರಲ್ಲಿ ಅವಳ ಹೆಸರಿರಲಿಲ್ಲ. ಹುದ್ದೆ ಬೇರೆ ಯಾರಿಗೋ ಆಗಿತ್ತು. ಶಹಾಪುರದ ಗಂಜಿನಲ್ಲಿ ಅವತ್ತು ನಾನು ಮಾಡಿದ ಭಾಷಣಕ್ಕೆ ಯಾದಗಿರಿಯ ಕೋಟೆಯ ಕಲ್ಲು ಉದುರಬೇಕಾಗಿತ್ತು. ವಶೀಲಿ ನಡೆದಿದೆ, ರೊಕ್ಕ ತಿಂದಿದ್ದಾರೆ ಎಂದೆ. ಕೇಳಿದವರೆಲ್ಲ ಹೌದೆಂದರು. ಕಲ್ಯಾಣಮ್ಮ ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು. ಅವ್ವನ ಜೊತೆ ಗದ್ದೆಗೆ ಹೋಗುತ್ತಿದ್ದಾಳೆ ಎಂದು ತಿಳಿಯಿತು.

ಉಸ್ತಾದರು ಗಂಜಿನ ಸಭೆಗೆ ಬರಲಿಲ್ಲ. ತಮ್ಮ ಹುಡುಗಿಗೆ ಅನ್ಯಾಯವಾಗಿದೆ ಎಂದು ಮೇಲಿನವರಿಗೆ ಅರ್ಜಿ ಬರೆಯುತ್ತೇನೆ ಎಂದು ಕೋಣೆಗೆ ಹೋದರು. ಬರೆಯಲು ಅವಳಿರಲಿಲ್ಲ. ಅಷ್ಟು ವರ್ಷಗಳ ಮೇಲೆ ತಾವೇ ಕುರ್ಚಿ ಎಳೆದು, ಪರೀಕ್ಷೆಯಿಂದ ಬಂದ ಮೇಲೆ ಯಾರೂ ಮುಟ್ಟಿರದ ಕಂಪ್ಯೂಟರಿನ ಮುಂದೆ ಕೂತರು. ನಾನು ಹಿಂದೆ ನಿಂತಿದ್ದೆ. ಸೆಟೆದ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡು, ಕಣ್ಣು ಮುಚ್ಚಿ, ‘ಮಾನ್ಯರೇ’ ಎಂದು ಬಾಯಲ್ಲಿ ಹೇಳುತ್ತ ಕೀಲಿ ಒತ್ತಿದರು. ಕಣ್ಣು ತೆರೆದರು. ಪರದೆಯ ಮೇಲೆ ಬಂದದ್ದು ಯಾವ ಭಾಷೆಯದೂ ಅಲ್ಲದ ಅಕ್ಷರಗಳ ಗುಂಪು. ಕನ್ನಡದವೇ ಅಕ್ಷರ, ಆದರೆ ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ. ಅಳಿಸಿ ಮತ್ತೆ ಒತ್ತಿದರು. ಮತ್ತೆ ಅದೇ. ಆಗ ಬಾಗಿ, ಜೀವಮಾನದಲ್ಲಿ ಮೊದಲ ಸಲ, ಕೀಲಿಗಳನ್ನು ದಿಟ್ಟಿಸಿ ನೋಡಿ, ಒಂದು ಅಕ್ಷರ ಹುಡುಕುತ್ತ ಒಂದೊಂದೇ ಕೀಲಿ ಒತ್ತುತ್ತ ಹೋದರು. ಟೈಪ್‌ರೈಟರಿನ ಯಾವ ಅಕ್ಷರವೂ ತನ್ನ ಜಾಗದಲ್ಲಿ ಇರಲಿಲ್ಲ. ಎಲ್ಲ ಅಕ್ಷರಗಳೂ ನಾಗಣ್ಣನ ಅಂಗಡಿಯಲ್ಲಿ ಕೂತ ಹಾಗೆ ಕೂತಿದ್ದವು.

ನನಗೂ ಆಗಲೇ ತಿಳಿಯಿತು. ಉಸ್ತಾದರು ಕಲ್ಯಾಣಮ್ಮನನ್ನು ಕರೆದುಕೊಂಡು ಬಾ ಎಂದರು.

ಅವಳು ಗದ್ದೆಯಿಂದಲೇ ಬಂದಳು. ಮೊಣಕೈಯವರೆಗೆ ಒಣಗಿದ ಕೆಸರು. ಒಳಗೆ ಬಂದು ಪರದೆ ನೋಡಿದಳು, ಉಸ್ತಾದರ ಮುಖ ನೋಡಿದಳು, ಬಾಗಿಲಲ್ಲೇ ನಿಂತಳು.

“ಯಾವಾಗ ಗೊತ್ತಾತು ಬೇಟಿ?”

“ಮೊದಲನೇ ಅಕ್ಷರಕ್ಕ ಗೊತ್ತಾತ್ರಿ.”

“ಕೈ ಎತ್ತಬೇಕಿಲ್ಲೇನು? ಆ ಸಾಹೇಬ ಹೇಳಿದ್ದನಲ್ಲ, ಮಧ್ಯಾಹ್ನ ಕೂಡಸ್ತೀನಿ ಅಂತ. ಇವ ಬೇವಿನ ನೆರಳಾಗ ಗಾಡಿ ನಿಲ್ಲಿಸಿ ನನ್ನ ಬಾಜೂಕ ಇದ್ದ. ಹೋಗಿ ಟೈಪ್‌ರೈಟರ್ ತರತಿದ್ದ.”

ನಾನು ತರುತ್ತಿದ್ದೆ. ಅದಕ್ಕಂತೂ ಯಾರ ಸಾಕ್ಷಿಯೂ ಬೇಕಾಗಿಲ್ಲ. ಹೋಗಿ ಬರಲು ಹೊತ್ತು ಬೇಕಾದಷ್ಟಿತ್ತು, ಎತ್ತಿನ ಗಾಡಿ ಬಿಟ್ಟು ಯಾವುದರಲ್ಲಾದರೂ ತರಬಹುದಿತ್ತು.

ಕಲ್ಯಾಣಮ್ಮ ಅಂಗೈಯ ಕೆಸರನ್ನು ಉಗುರಿನಿಂದ ಕೆರೆಯುತ್ತ ನಿಂತಳು.

“ನೀವು ಕಿಡಕ್ಯಾಗ ನಿಂತಿದ್ರಿ,” ಎಂದಳು ಕಡೆಗೆ. “ಆ ಜವಾನಗ ನನ್ನ ಕೈ ತೋರಸಾಕತ್ತಿದ್ರಿ. ನಾ ಕೈ ನಿಲ್ಲಿಸಿದ್ರ ಅವ ನಿಮ್ಮ ಮುಖಾ ನೋಡತಿದ್ದ. ನಂಗ ಅಷ್ಟ ಹೊಳೀತ್ರಿ ಆಗ. ಮಧ್ಯಾಹ್ನದ್ದು ಹೊಳೀಲಿಲ್ಲ.”

ಹೊರಗೆ ಹಮಾಲರು ಅಂಡಿಗೆ ಎಸೆಯುತ್ತಿದ್ದರು. ಉಸ್ತಾದರು ಅವಳಿಗಲ್ಲ, ತಮ್ಮ ಕೈಗಳಿಗೇ ಹೇಳಿಕೊಂಡಂತೆ, “ಒಬ್ಬಕೀನೇ ಅದಾಳ, ಅಂಜಬಾರದು ಅಂತ ನಿಂತಿದ್ದೆ,” ಎಂದರು.

ನನ್ನಂಥವನು ಇಲ್ಲಿ ಒಂದು ಕಥೆ ಕಟ್ಟಬೇಕು. ಅಧಿಕಾರಿ ತಾನೇ ಶಹಾಪುರಕ್ಕೆ ಓಡಿ ಬಂದನೆಂದೋ, ಸರಕಾರ ಅವಳ ಕೈಗಳಿಗೆ ಸನ್ಮಾನ ಮಾಡಿತೆಂದೋ. ಬಸ್ ನಿಲ್ದಾಣದಲ್ಲಿ ಹಾಗೆ ಹೇಳಿಯೂ ನೋಡಿದ್ದೇನೆ. ಕೇಳಿದವರು ನಂಬಿದರು, ನನಗೇ ರುಚಿಸಲಿಲ್ಲ. ನಡೆದದ್ದು ಇಷ್ಟೇ. ಉಸ್ತಾದರೂ ನಾನೂ ಯಾದಗಿರಿಗೆ ಹೋದೆವು. ಆ ಅಧಿಕಾರಿ ಅವಳ ಹಾಳೆ ತೆಗೆದು ತೋರಿಸಿದ. ಮೇಲಿನಿಂದ ಕೆಳತನಕ ಒಂದು ಮಾತಿಗೂ ಅರ್ಥವಿಲ್ಲ. ಹುಡುಗಿಗೆ ಕನ್ನಡವೇ ಬರುವುದಿಲ್ಲ ಎಂದುಕೊಂಡಿದ್ದನಂತೆ. ಯಾವ ಕೀಲಿಗೆ ಈಗ ಯಾವ ಅಕ್ಷರ ಎಂದು ಬರೆದುಕೊಂಡೇ ಬಂದಿದ್ದ ಉಸ್ತಾದರು ಆ ಹಾಳೆಯನ್ನು ಹತ್ತಿರ ಹಿಡಿದು, ಬೆರಳುಗಳನ್ನು ಮೇಜಿನ ಮೇಲೆ ಹಳೆಯ ಜಾಗಗಳಲ್ಲಿ ಇಟ್ಟುಕೊಂಡು, ಅರ್ಥವಿಲ್ಲದ ಆ ಸಾಲುಗಳನ್ನು ಕನ್ನಡಕ್ಕೆ ಬಿಡಿಸಿ ಓದುತ್ತ ಹೋದರು. ಕೊಟ್ಟ ಪಾಠ ಒಂದಕ್ಷರ ಬಿಡದೆ ಅದರಲ್ಲಿತ್ತು. ಒಂದೂ ತಪ್ಪಿರಲಿಲ್ಲ. ಅಧಿಕಾರಿ ಎದ್ದು ನಿಂತುಬಿಟ್ಟ. ಆದರೆ ಹುದ್ದೆಗೆ ಬೇರೆಯವರು ಆಗಲೇ ಬಂದು ಕೂತಿದ್ದರು. ಅವತ್ತು ಕೈ ಒಂದು ಎತ್ತಿದ್ದರೆ ಎಂದು ಅವನೂ ಅಂದ.

ಈಗ ಕಲ್ಯಾಣಮ್ಮ ಶಹಾಪುರದ ತಹಸೀಲ್ ಕಚೇರಿಯ ಎದುರಿನ ಒಂದು ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಾಳೆ. ಗದ್ದೆ ಬಿಡಿಸಿ ಅಲ್ಲಿ ಕೂರಿಸಿದವರು ಉಸ್ತಾದರೇ. ಅಲ್ಲಿನ ಮಷೀನಿನಲ್ಲೂ ಅಕ್ಷರಗಳು ಸುರಪುರದ ಹಾಗೆಯೇ ಇವೆ. ಈಗ ಎಲ್ಲ ಕಡೆಯೂ ಹಾಗೆಯೇ. ಅವಳು ಹೊಸ ಜಾಗಗಳನ್ನು ಕಲಿತಿದ್ದಾಳೆ. ಕೀಲಿ ನೋಡಿ ಒತ್ತುತ್ತಾಳೆ, ಪರದೆ ನೋಡುತ್ತಾಳೆ, ಮತ್ತೆ ಕೀಲಿ ನೋಡುತ್ತಾಳೆ. ಪಹಣಿಗೆಂದು ಬಂದ ರೈತರು ಎಂಥ ಚುರುಕು ಹುಡುಗಿ ಎಂದು ಹೊಗಳಿ ಹೋಗುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ನಾನು ಅಲ್ಲೇ ಜೀಪಿಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತೇನೆ. ಅವಳ ಮೊದಲಿನ ಕೈಯ ಬಗ್ಗೆ ಒಂದು ಮಾತು ಸೇರಿಸಬೇಕೆಂದು ಬಾಯಿಗೆ ಬರುತ್ತದೆ. ಸೇರಿಸುವುದಿಲ್ಲ.